ಮಾಡಿಫೈ ಗಾಡಿಗೆ ಸ್ಕ್ಯಾನರ್ ಹಚ್ಚಿದಾಗ

ಜೋಗೇಶ್ವರಿಯ ನಮ್ಮ ಗ್ಯಾರೇಜಿನಲ್ಲಿ ಬೆಳಿಗ್ಗೆ ಶಟರ್ ಎತ್ತುವಾಗ ನಾನು ದಿನಾ ಅಂದುಕೊಳ್ಳುತ್ತೇನೆ, ಇನ್ನು ನನ್ನನ್ನು ಗಾಬರಿಪಡಿಸುವ ಗಾಡಿ ಈ ಮುಂಬಯಿಯಲ್ಲಿ ಉಳಿದಿಲ್ಲ ಅಂತ. ಚಹಾ ಬರುವುದರೊಳಗೆ ಅಂಥದ್ದೊಂದು ಬಂದು ನಿಂತಿರುತ್ತದೆ.

ನನ್ನ ಕೆಲಸ ಸ್ಕ್ಯಾನಿಂಗ್. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ವೈರ್ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದರೆ, ಗಾಡಿಯೊಳಗಿನ ಕಂಪ್ಯೂಟರ್ ತನ್ನ ಬೇನೆ ತಾನೇ ಹೇಳಿಕೊಳ್ಳುತ್ತದೆ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯಾದರೆ ಚಿಂತೆಯಿಲ್ಲ. ಮಾಲೀಕರು ತಮ್ಮ ಬುದ್ಧಿ ಓಡಿಸಿ ಮಾಡಿಫೈ ಮಾಡಿಸಿದ ಗಾಡಿ ಇದೆಯಲ್ಲ, ಅದು ಏನು ಹೇಳುತ್ತದೋ ದೇವರಿಗೇ ಗೊತ್ತು.

ಎಡಗಾಲಿನ ಸಾಕ್ಷಿ

ನಮ್ಮ ವಿಜಯಪುರ ಕಡೆಯ ಒಬ್ಬ ಕಾಕಾ ಹಳೇ ಕಾರು ತಂದರು. ವೈರ್ ಸಿಕ್ಕಿಸಿದೆ. ಗೇರ್‌ಬಾಕ್ಸ್ ಸಿಗುತ್ತಿಲ್ಲ ಅಂತ ಲ್ಯಾಪ್‌ಟಾಪ್ ಒಂದೇ ಸಮ ಬಡಕೊಳ್ಳತೊಡಗಿತು. ನೋಡಿದರೆ, ಯಾರೋ ಭಂಗಾರ, ಅಂದರೆ ಗುಜರಿ ಅಂಗಡಿಯಿಂದ ಬೇರೆ ಗಾಡಿಯ ಕಂಪ್ಯೂಟರ್ ತಂದು ಇದಕ್ಕೆ ಕೂಡಿಸಿದ್ದರು.

"ಕಾಕಾ, ನಿಮ್ಮ ಗಾಡಿ ತಾನು ಆಟೋಮ್ಯಾಟಿಕ್ ಅಂತ ತಿಳಕೊಂಡದ. ಗೇರ್ ತಾನೇ ಹಾಕ್ಕೋತೀನಿ ಅಂತದ" ಅಂದೆ.

ಕಾಕಾ ಕಣ್ಣು ಬಿಟ್ಟುಕೊಂಡು ಲ್ಯಾಪ್‌ಟಾಪ್ ನೋಡಿದರು. ಗೇರಿನ ದಾಂಡು ನೋಡಿದರು. ಆಮೇಲೆ ಪ್ಯಾಂಟು ಮೊಣಕಾಲ ತನಕ ಏರಿಸಿ ಎಡಗಾಲು ನನ್ನ ಮುಂದೆ ಚಾಚಿದರು.

"ಕ್ಲಚ್ ಒತ್ತಿ ಒತ್ತಿ ಇದು ಹೆಂಗ ಬಾತದ ನೋಡು. ಇದನ್ನೂ ಸ್ವಲ್ಪ ಸ್ಕ್ಯಾನ್ ಮಾಡಿ ಅದಕ್ಕ ತೋರಿಸಪಾ!"

ಟಿಕಳಿ

ಟ್ಯೂಶನ್ ಹೇಳುವ ಒಬ್ಬ ಟೀಚರ್ ಬಾಯಿಯವರು ಬಂದರು. ಅವರ ಮೈದುನನಿಗೆ ಗಾಡಿ ಶೃಂಗಾರದ ಹುಚ್ಚು. ಕಂಪನಿ ಸ್ಟೇರಿಂಗ್ ಕಿತ್ತು, ರೇಸಿನ ಗಾಡಿಗಳಲ್ಲಿರುವಂಥ ಸಣ್ಣ ಕೆಂಪು ಸ್ಟೇರಿಂಗ್ ಹಾಕಿಸಿದ್ದ. ಮುಂದಿನ ಮೀಟರುಗಳ ನಡುವೆ ಹಣೆಗಿಡುವ ಒಂದು ಕರೀ ಟಿಕಳಿ ಅಂಟಿಕೊಂಡಿತ್ತು.

"ಇದೇನ್ರಿ ಬಾಯಿಯವರ?"

"ಅಲ್ಲೊಂದು ಕೆಂಪು ಲೈಟ್ ಸುಮ್ಮನ ಉರೀತಿತ್ತು. ಕಣ್ಣಿಗೆ ಹೊಡೀತದ ಅಂತ ಮೈದುನ ನನ್ನ ಟಿಕಳಿ ತಗೊಂಡು ಹಚ್ಚ್ಯಾನ."

ಸ್ಕ್ಯಾನ್ ಮಾಡಿದೆ. ಡ್ರೈವರ್ ಕಡೆಯ ಏರ್‌ಬ್ಯಾಗ್ ಇಲ್ಲ! ಅದು ಹಳೇ ಸ್ಟೇರಿಂಗಿನೊಳಗೇ ಹೋಗಿತ್ತು. ಬಾಯಿಯವರು ಹೌಹಾರಿ ಸ್ಪೀಕರ್ ಮೇಲೆಯೇ ಮೈದುನನಿಗೆ ಫೋನ್ ಹಚ್ಚಿದರು. ಆತ ತಣ್ಣಗೆ ಹೇಳಿದ, "ಆ ಸ್ಟೇರಿಂಗ್ ಏನ್ರಿ ವೈನಿ? ಮನ್ಯಾಗ ಅದಲ್ಲ. ಮೆತ್ತಗ ಅದ ಅಂತ ಅವ್ವ ಬೆನ್ನಿಗೆ ಕೊಟ್ಟುಕೊಂಡು ಟಿವಿ ನೋಡ್ತಾಳ."

ನನ್ನ ಕೈಯಿಂದ ವೈರ್ ಜಾರಿತು. ಏರ್‌ಬ್ಯಾಗ್ ಅಂದರೆ ಬರೀ ಚೀಲವಲ್ಲ; ಒಳಗಿನ ಮದ್ದು ಹೊತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಢಮ್ ಅಂತ ಉಬ್ಬುವ ವಸ್ತು. ಅಷ್ಟು ಹೇಳಿದ್ದೇ ತಡ, ಬಾಯಿಯವರು ಅತ್ತೆಗೆ ಫೋನ್ ಮಾಡಿದರು.

"ಅತ್ತೀರಿ, ಸಾವಕಾಶ ಏಳ್ರಿ. ಯಾಕ ಅಂತ ಕೇಳಬ್ಯಾಡ್ರಿ. ಹಿಂದ ತಿರುಗಿ ನೋಡಬ್ಯಾಡ್ರಿ. ಸೀದಾ ಬಾಜೂ ಮನಿಗೆ ನಡೀರಿ!"

ಅತ್ತೆ ಪಕ್ಕದ ಮನೆ ಸೇರಿದ ಸುದ್ದಿ ಬಂದ ಮೇಲೆ ನಮ್ಮ ಗ್ಯಾರೇಜಿನ ಉಸ್ತಾದರು ತಾವೇ ಹೋಗಿ ಆ ಸ್ಟೇರಿಂಗನ್ನು ಹಸುಗೂಸಿನ ಹಾಗೆ ಎತ್ತಿ ತಂದರು. ಬಾಯಿಯವರು ನಿಟ್ಟುಸಿರು ಬಿಟ್ಟು, ಮೀಟರಿನ ಮೇಲಿದ್ದ ಟಿಕಳಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿಕೊಂಡರು.

"ಅದ್ಯಾಕ್ರಿ ಈಗ?" ಅಂದೆ.

"ನನ್ನ ಮೈದುನನ ಬಾಯಿಗೆ ಹಚ್ಚಲಿಕ್ಕೆ."

ಹಾಡು ಮತ್ತು ಬ್ರೇಕು

ಒಂದು ವ್ಯಾನು. ಒಳಗೆ ಬಣ್ಣಬಣ್ಣದ ದೀಪ, ಮೂಲೆಮೂಲೆಗೆ ಸ್ಪೀಕರ್. ನಾನು ವೈರ್ ಸಿಕ್ಕಿಸಿದ್ದೇ ತಡ, ಕಿವಿ ಕಿತ್ತುಹೋಗುವ ಹಾಗೆ ಹಾಡು ಶುರುವಾಯಿತು. ವ್ಯಾನಿನ ಕೆಳಗೆ ಮಲಗಿದ್ದ ಉಸ್ತಾದರು ತಲೆ ಬಡಿಸಿಕೊಂಡು ಹೊರಗೆ ಉರುಳಿದರು. ಅವರು ಕಲಬುರ್ಗಿಯವರು, ಗಾಬರಿಯಾದರೆ ದಖನಿ, ಕನ್ನಡ ಎರಡೂ ಒಟ್ಟಿಗೇ ಬರುತ್ತವೆ.

"ಯಾ ಅಲ್ಲಾ! ಕ್ಯಾ ಹುವಾ ರೇ, ಏನಾತೋ?"

ಮಾಲೀಕ ನಕ್ಕ. "ಗಾಬರಿ ಆಗಬ್ಯಾಡ್ರಿ ಚಾಚಾ, ವೈರಿಂಗ್ ಸ್ವಲ್ಪ ಕೂಡ್ಯಾವ. ಬ್ರೇಕ್ ಒತ್ತಿದ್ರೂ ಹಾಡು ಬರ್ತಾವ."

"ಮತ್ತ ಹಾಡು ಬಂದ್ ಮಾಡಿದ್ರ?" ಉಸ್ತಾದರು ತಲೆ ಉಜ್ಜಿಕೊಳ್ಳುತ್ತ ಕೇಳಿದರು.

"ಬ್ರೇಕ್ ಲೈಟೂ ಬಂದ್ ಆಗ್ತದ. ಅದಕ್ಕ ಹೈವೇದಾಗ ಪ್ಯಾಸೆಂಜರಿಗೆ ನಿದ್ದಿ ಬಂದ್ರೂ ಹಾಡು ಬಂದ್ ಮಾಡೂದಿಲ್ರಿ. ಜೀವದ ಪ್ರಶ್ನಾ ನೋಡ್ರಿ!"

ಗರ್ಜಿಸುವ ಗಾಡಿ

ಗ್ರಾಂಟ್ ರೋಡಿನಲ್ಲಿ ಹೋಟೆಲ್ ಇರುವ ಕರಾವಳಿಯ ಧಣಿಗಳೊಬ್ಬರಿಗೆ ಅರವತ್ತು ದಾಟಿದ ಮೇಲೆ ಒಂದು ಆಸೆ ಹುಟ್ಟಿತು. ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಗರ್ಜಿಸುವ ಗಾಡಿ ಬೇಕು. ಹೆಂಡತಿ ಬೇಡ ಅಂದರು, ಮಕ್ಕಳು ನಕ್ಕರು. ಧಣಿಗಳು ಹಟ ಬಿಡಲಿಲ್ಲ. ವಿಕ್ರೋಳಿಯಲ್ಲಿ ಒಂದು ಮಾಡಿಫೈ ಗಾಡಿ ಮಾರಾಟಕ್ಕಿದೆ ಎಂದು ಗೊತ್ತಾಗಿ, ಸ್ಕ್ಯಾನ್ ಮಾಡಲು ನನ್ನನ್ನೂ ಕರೆದುಕೊಂಡು ಹೊರಟರು. ಕೈಯಲ್ಲಿ ಆಗಲೇ ಸೇವಂತಿಗೆ ಹಾರ, ತೆಂಗಿನಕಾಯಿ.

"ಮೊದಲು ನೋಡೂಣ್ರಿ, ಆಮ್ಯಾಲ ಪೂಜಿ" ಅಂದೆ.

"ನೋಡುದೆಂತ ಮಾರಾಯ? ನಮ್ಮ ಕನ್ನಡದವರೇ. ಮೋಸ ಮಾಡ್ತಾರಾ?"

ಬಿಲ್ಡಿಂಗ್ ಕಂಪೌಂಡಿನಲ್ಲಿ ಗಾಡಿಗೆ ಒರಗಿಕೊಂಡು ಒಬ್ಬ ತರುಣ ನಿಂತಿದ್ದ. ಮುಂಬಯಿಯಲ್ಲೇ ಹುಟ್ಟಿದವನು, ಕನ್ನಡ ಅರೆಬರೆ. "ಅಂಕಲ್, ಏಕ್‌ದಮ್ ಮಸ್ತ್ ಗಾಡಿ ಇದೆ. ಸುನೋ!" ಅಂದು ಒಳಗೆ ಕೂತ. ಗಾಡಿ ಹಿಂದಿನಿಂದ ಗುಡುಗಿತು. ಪಾರಿವಾಳಗಳು ಹಾರಿದವು. ಧಣಿಗಳ ಕಣ್ಣಲ್ಲಿ ನೀರೇ ಬಂತು.

"ಹುಲಿ, ಮಾರಾಯ, ಹುಲಿ!"

ನಾನು ವೈರ್ ಸಿಕ್ಕಿಸಿದೆ. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ನೋಡಿದರೆ, ಸೊನ್ನೆ. ಕಿತ್ತು ಮತ್ತೆ ಸಿಕ್ಕಿಸಿದೆ. ಸೊನ್ನೆ. ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದೆ. ಗಾಡಿ ಗರ್ಜಿಸುತ್ತಲೇ ಇದೆ, ಸೊನ್ನೆ ಸೊನ್ನೆಯಾಗಿಯೇ ಇದೆ.

"ಭಾಯ್, ನಿಮ್ಮ ಮಷಿನ್ ಖರಾಬ್ ಇದೆ" ಅಂದ ತರುಣ. ನನಗೂ ಹಾಗೇ ಅನಿಸಿತು.

"ಬಾನೆಟ್ ತಗೀರಿ ನೋಡೂಣು."

"ಬಹುತ್ ಗರಂ ಇದೆ, ಕೈ ಸುಡುತ್ತೆ."

ಸುಮ್ಮನೆ ಬಾನೆಟ್ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಒಂದಿಷ್ಟೂ ನಡುಕವಿಲ್ಲ. ಇಂಜಿನ್ ತಿರುಗದೆ ಗರ್ಜಿಸುವ ಗಾಡಿ! ನನ್ನ ಮೈಮೇಲಿನ ಕೂದಲು ನಿಮಿರಿ ನಿಂತವು. ಧಣಿಗಳು ಮಾತ್ರ ಹಾರ ಬಿಡಿಸುತ್ತಿದ್ದರು.

ಅಷ್ಟರಲ್ಲಿ ಗರ್ಜನೆ ತಟ್ಟನೆ ನಿಂತು, ಸೈಲೆನ್ಸರಿನಿಂದ ಫೋನಿನ ರಿಂಗ್ ಕೇಳಿತು. ತರುಣನ ಮುಖ ಬಿಳಿಚಿತು. ಜೇಬಿನಿಂದ ಮೊಬೈಲ್ ಎಳೆದು, ಕಟ್ ಮಾಡಲು ಹೋದವನು ಗಡಿಬಿಡಿಯಲ್ಲಿ ಹಸಿರು ಬಟನ್ ಒತ್ತಿಬಿಟ್ಟ. ಆಗ ತಿಳಿಯಿತು. ಬಂಪರಿನ ಕೆಳಗೆ, ಸೈಲೆನ್ಸರಿನ ಪಕ್ಕಕ್ಕೇ ಒಂದು ಸ್ಪೀಕರ್ ಕೂಡಿಸಿ, ಮೊಬೈಲಿನಿಂದ ಹುಲಿಯನ್ನು ಕೂಗಿಸುತ್ತಿದ್ದ!

ಸೈಲೆನ್ಸರಿನಿಂದ ಅವನ ತಾಯಿಯ ದನಿ ಕಂಪೌಂಡಿಗೆಲ್ಲ ಕೇಳಿಸಿತು:

"ಏ, ಆ ಹೋಟೆಲ್‌ನಾಂವ ಬಂದಾನೇನು? ಬಾನೆಟ್ ಮಾತ್ರ ತಗೀಬ್ಯಾಡ! ಇಂಜಿನ್ ಜಾಮ್ ಆಗೇದ ಅಂತ ಗೊತ್ತಾದ್ರ ಯಾವ ಮುಠ್ಠಾಳ ತಗೋತಾನ?"

ಧಣಿಗಳು ಹಾರವನ್ನು ನನ್ನ ಕೈಗೆ ಕೊಟ್ಟರು. ಪಂಚೆ ಮೇಲೆತ್ತಿ ಕಟ್ಟಿ, ಸೈಲೆನ್ಸರಿನ ಮುಂದೆ ಮೊಣಕಾಲೂರಿ ಕೂತು, ಅದರ ಬಾಯಿಗೇ ಬಾಯಿ ಹತ್ತಿರ ತಂದು ಬಹಳ ಮರ್ಯಾದೆಯಿಂದ ಹೇಳಿದರು:

"ಇಲ್ಲಮ್ಮಾ, ತಗೊಳ್ಳುದಿಲ್ಲ. ಆ ಮುಠ್ಠಾಳನೇ ಮಾತಾಡುದು."