ಅಂಕಲ್, ತೀರ್ಥ ಮತ್ತು ನಾಲ್ಕು ಹನಿ ಜಿನ್

ಅಮೆರಿಕದ ಲಾರೆನ್ಸ್‌ವಿಲ್‌ನ ನಮ್ಮ ಪಕ್ಕದ ಮನೆ ಅಂಕಲ್ ಹತ್ತಿರ ದೆವ್ವ ಕೂಡ ಸುಳಿಯುವುದಿಲ್ಲ. ಸುಳಿದರೆ ನೆನೆದು ತೊಪ್ಪೆಯಾಗುತ್ತದೆ! ಅವರ ಕೋಟಿನ ಒಳಜೇಬಿನಲ್ಲಿ ಸದಾ ಒಂದು ಪ್ಲಾಸ್ಟಿಕ್ ಬಾಟಲಿ, ಅದರ ತುಂಬ ಚರ್ಚಿನ ತೀರ್ಥ.

ಅಂಕಲ್ ನೈಜೀರಿಯಾದ ಇಗ್ಬೋ ಜನ. ಚಿಕ್ಕಂದಿನಲ್ಲಿ ಮಿಷನರಿ ಪಾದ್ರಿಗಳ ಶಾಲೆ ಸೇರಿ ಅಕ್ಷರ, ಕೋಟು, ದೇವರು ಮೂರನ್ನೂ ಒಟ್ಟಿಗೆ ಪಡೆದು, ಅಲ್ಲೇ ಮೇಷ್ಟ್ರಾಗಿ ರಿಟೈರ್ ಆಗಿ ಮಗನ ಮನೆಗೆ ಬಂದವರು. ಜಾರ್ಜಿಯಾದ ಜುಲೈನಲ್ಲಿ ನಾವು ಬನಿಯನ್ನಿನಲ್ಲೇ ಬೇಯುತ್ತಿದ್ದರೆ ಇವರು ತ್ರೀ ಪೀಸ್ ಸೂಟಿನಲ್ಲಿ ಕಸದ ಡಬ್ಬಿ ತಳ್ಳಿಕೊಂಡು ಹೋಗುತ್ತಾರೆ.

ಕೋವಿಡ್ ತಣ್ಣಗಾದ ಮೇಲೆ ನಾನು ಹೊಸ ಕಾರು ತಂದೆ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತಿದ್ದಾಗ ಅಂಕಲ್ ಬೇಲಿಯಾಚೆಯಿಂದ ನೋಡಿ, ಮೂಢನಂಬಿಕೆ ಎಂದು ಗೊಣಗಿದರು. ಆಮೇಲೆ ತಾವೇ ಬಂದು ಬಾನೆಟ್ಟಿಗೆ ತೀರ್ಥ ಚಿಮುಕಿಸಿದರು! ಇಷ್ಟೆಲ್ಲ ಬಂದೋಬಸ್ತಿದ್ದ ಕಾರನ್ನು ನಾನು ಅದೇ ವಾರ ಮೇಲ್‌ಬಾಕ್ಸಿಗೆ ಗುದ್ದಿದೆ. ಕೈಕೊಟ್ಟದ್ದು ಯಾರ ದೇವರು ಎಂಬ ಚರ್ಚೆ ನಮ್ಮಿಬ್ಬರಲ್ಲಿ ಇನ್ನೂ ಮುಗಿದಿಲ್ಲ.

ಇಂಥವರ ಮಗ ಹೇಗಿರಬೇಕು? ತದ್ವಿರುದ್ಧ! ಪಾದ್ರಿ ಇಟ್ಟ ಹೆಸರು ಬಿಟ್ಟು ಇಗ್ಬೋ ಹೆಸರಿಟ್ಟುಕೊಂಡಿದ್ದಾನೆ. ಅಪ್ಪ ಹಳೆಯ ಹೆಸರಿನಲ್ಲೇ ಕೂಗುತ್ತಾರೆ, ಮಗ ತಿರುಗಿಯೂ ನೋಡುವುದಿಲ್ಲ. ಕೊನೆಗೆ ನಾನೇ ಬೇಲಿ ಹತ್ತಿರ ಹೋಗಿ, ಬ್ರೋ, ನಿಮ್ಮಪ್ಪ ಕರೀತಿದಾರೆ ಎನ್ನಬೇಕು.

ಪ್ರತಿ ಶನಿವಾರ ಸಂಜೆ ಈ ಮಗ ಹಿತ್ತಲಿಗೆ ಬಂದು, ತೀರಿಹೋದ ಅಜ್ಜನನ್ನು ಕರೆದು, ನೆಲಕ್ಕೆ ನಾಲ್ಕು ಹನಿ ಜಿನ್ ಬಿಡುತ್ತಾನೆ. ಹಿರಿಯರಿಗೆ ಕೊಟ್ಟ ಮೇಲೆಯೇ ತಾನು ಕುಡಿಯುವುದು ಅವರ ಹಳೆಯ ಪದ್ಧತಿ. ಪಿತೃಪಕ್ಷದಲ್ಲಿ ಎಡೆಯಿಟ್ಟು ಅಮೆರಿಕದ ಕಾಗೆಗಳನ್ನು ಕನ್ನಡದಲ್ಲಿ ಕರೆಯುವ ನನಗೆ ಇದೇನು ವಿಚಿತ್ರ? ಆದರೆ ಅವನು ಒಳಗೆ ಹೋದದ್ದೇ ತಡ, ಅಂಕಲ್ ಬಂದು ಅದೇ ಜಾಗಕ್ಕೆ ತೀರ್ಥ ಹೊಡೆಯುತ್ತಾರೆ. ಅಲ್ಲಿನ ಹುಲ್ಲು ಎಷ್ಟು ಸೊಂಪಾಗಿ ಬೆಳೆದಿದೆಯೆಂದರೆ, ಎಚ್‌ಒಎ ಎಂಬ ನಮ್ಮ ಬಡಾವಣೆ ಸಂಘದ ಆಂಟಿ ಬಂದು ಯಾವ ಗೊಬ್ಬರ ಎಂದು ವಿಚಾರಿಸಿಕೊಂಡು ಹೋದರು.

ಅಂಕಲ್‌ರ ಅಪ್ಪ ಕೊನೆಯವರೆಗೂ ಚರ್ಚಿಗೆ ಸೇರಲಿಲ್ಲವಂತೆ. ಅವರು ಸತ್ತಾಗ, ಹಳೆಯ ಕ್ರಿಯೆ ಮಾಡಿದರೆ ನರಕ ಎಂದು ಪಾದ್ರಿ ಹೆದರಿಸಿದ್ದರಿಂದ ಅಂಕಲ್ ಏನನ್ನೂ ಮಾಡದೆ ಕೈಕಟ್ಟಿ ನಿಂತಿದ್ದರಂತೆ. ಈಗ ಮಗನೂ ಅದೇ ನರಕಕ್ಕೆ ಹೋದಾನೆಂಬ ಭಯ ಅವರಿಗೆ.

"ಅಪ್ಪನೂ ಅಲ್ಲಿ, ಮಗನೂ ಅಲ್ಲಿ. ನಾನೊಬ್ನೇ ಸ್ವರ್ಗಕ್ಕೆ ಹೋಗಿ ಯಾರ ಜೊತೆ ಜಗಳ ಆಡ್ಲಿ?" ಎಂದರು ಒಮ್ಮೆ. (ಅವರ ಇಂಗ್ಲಿಷ್ ನನ್ನ ಬಾಯಲ್ಲಿ ಮೈಸೂರು ಕನ್ನಡವಾಗಿದೆ, ಕ್ಷಮಿಸಿ.) ನಾನು ನಕ್ಕೆ. ಅವರು ನಗಲಿಲ್ಲ.

ಹೋದ ತಿಂಗಳು ಮಗ ಆಫೀಸ್ ಕೆಲಸಕ್ಕೆಂದು ಪಕ್ಕದ ರಾಜ್ಯದ ಬ್ಯಾಲಂಟೈನ್‌ಗೆ ಹೋದವನು ಶನಿವಾರವೂ ಅಲ್ಲೇ ಉಳಿದ. ಸಂಜೆ ಹಿತ್ತಲಿನಲ್ಲಿ ಸೂಟು ಕಂಡಿತು. ಕೈಯಲ್ಲಿ ತೀರ್ಥವಲ್ಲ, ಜಿನ್ ಬಾಟಲಿ! ನಾನು ಬೇಲಿ ಹತ್ತಿರ ಓಡಿದೆ.

"ಮಗ ಊರಲ್ಲಿಲ್ಲ. ನಮ್ಮಪ್ಪ ಕಾಯ್ತಿರ್ತಾರೆ," ಎಂದರು. ಕಷ್ಟಪಟ್ಟು ಮಂಡಿಯೂರಿ ಕೂತು ಸುರಿಯತೊಡಗಿದರು. ಸುರಿಯುತ್ತಲೇ ಇದ್ದರು.

"ಅಂಕಲ್, ನಾಲ್ಕು ಹನಿ ಸಾಕಲ್ವಾ?"

"ಮೊಮ್ಮಗ ಕೊಟ್ರೆ ನಾಲ್ಕು ಸಾಕು. ನಾನು ಇವತ್ತೇ ಮೊದಲ್ನೇ ಸಲ ಕೊಡ್ತಿರೋದು."

ನಾನು ಬೇಲಿ ದಾಟಿ ಹೋಗಿ, ಬಾಟಲಿ ಬರಿದಾಗುವವರೆಗೂ ಅವರ ಭುಜ ಹಿಡಿದುಕೊಂಡು ಕೂತೆ.