ಗಿಡ್ಡ ಬೆಲ್ಟಿನ ಭಾವ

ನಮ್ಮ ಭಾವನ ಮುಂದೆ ಯಾವುದನ್ನೂ ಕೆಟ್ಟಿದೆ ಎನ್ನಬೇಡಿ. ಕೆಟ್ಟದ್ದನ್ನು ರಿಪೇರಿ ಮಾಡುವವನಲ್ಲ ಆತ. ಅದಿಲ್ಲದೆಯೇ ಸಂಸಾರ ಸಾಗುವಂತೆ ಮಾಡಿಬಿಡುವವನು! ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವ. ಮನೆಯ ಸ್ವಿಚ್ಚು ಕೆಟ್ಟಾಗ ವೈರನ್ನು ನೇರ ಜೋಡಿಸಿದ. ಎರಡು ವರ್ಷ ಅಡುಗೆಮನೆಯ ದೀಪ ಆರಲೇ ಇಲ್ಲ.

ಕಳೆದ ಬೇಸಿಗೆಗೆ ಮುಂಚೆ ನನ್ನ ಕಾರಿನ ಏಸಿ ಕಂಪ್ರೆಸರ್ ಕರಕರ ಎನ್ನತೊಡಗಿತು. "ಬದಲಾಯಿಸ್ರಿ. ಇಲ್ಲಾಂದ್ರ ಜಾಮ್ ಆಗಿ ಬೆಲ್ಟ್ ಹರೀತದ, ಗಾಡಿ ನಿಂತ್ ಬಿಡ್ತದ" ಎಂದ ಮೆಕ್ಯಾನಿಕ್. ಬೆಲೆ ಕೇಳಿ ನನ್ನ ಎದೆಯಲ್ಲೂ ಕರಕರ ಶುರುವಾಯಿತು. ಭಾವ ಬಾನೆಟ್ ಎತ್ತಿ, "ಇದೊಂದನ್ ಬಿಟ್ಟು ಉಳಿದ ಚಕ್ರಕ್ಕ ಗಿಡ್ಡ ಬೆಲ್ಟ್ ಹಾಕಿದ್ರಾತು" ಎಂದ. ಅಳತೆಗೆ ದಾರ ಸಿಗಲಿಲ್ಲ. ತನ್ನ ಪೈಜಾಮದ ಲಾಡಿಯನ್ನೇ ಎಳೆದು, ಚಕ್ರಗಳ ಸುತ್ತ ಸುತ್ತಿ ಗಂಟು ಹಾಕಿ, ಒಂದು ಕೈಯಲ್ಲಿ ಲಾಡಿ, ಇನ್ನೊಂದರಲ್ಲಿ ಪೈಜಾಮ ಹಿಡಿದು ಚಿತ್ತಾಪುರದ ಅಂಗಡಿಗೆ ಹೋದ. "ಕಾಕಾ, ಬೆಲ್ಟ್ ಮೊದ್ಲ ಯಾವುದಕ್ಕ ಬೇಕು?" ಎಂದನಂತೆ ಅಂಗಡಿಯವ!

ಗಾಡಿ ಓಡಿತು, ಏಸಿ ಮಾತ್ರ ಇಲ್ಲ. ನಾನೂ ನಕ್ಕೆ. ಆದರೆ ಅದೇ ಗಾಡಿಯಲ್ಲಿ ವಾರಕ್ಕೆರಡು ಸಲ ನನ್ನ ಅಕ್ಕನನ್ನು, ಅಂದರೆ ಭಾವನ ಹೆಂಡತಿಯನ್ನು, ಡಯಾಲಿಸಿಸ್‌ಗೆ ಕಲಬುರಗಿಗೆ ಒಯ್ಯಬೇಕಿತ್ತು. "ಕೈಯಾಗ ರೊಕ್ಕ ಇಲ್ಲ, ಆಮ್ಯಾಲ ಮಾಡಸ್ತೀನಿ" ಎಂದು ಭಾವನಿಗೆ ಹೇಳಿದ್ದೆ. ಸುಳ್ಳು. ರೊಕ್ಕ ಇತ್ತು, ಬಿಚ್ಚುವ ಮನಸ್ಸಿರಲಿಲ್ಲ.

ಇನ್ನೂ ಕೆಟ್ಟದ್ದು ಕೇಳಿ. ಕಲಬುರಗಿಯ ದಾರಿಯಲ್ಲಿ ಸಿಗುವ ವಾಡಿಯಲ್ಲಿ ನನ್ನ ಬೀಗರ ಅಂಗಡಿ ರಸ್ತೆಗೇ ಇದೆ. ಅವರೆದುರು ಏಸಿ ಇಲ್ಲದವನೆನಿಸಿಕೊಳ್ಳುವುದೆ? ವಾಡಿ ಬಂದರೆ ಸಾಕು, ಗಾಜು ಏರಿಸಿಬಿಡುತ್ತಿದ್ದೆ! ಮೇ ತಿಂಗಳ ಒಂದು ಮಧ್ಯಾಹ್ನ ಆ ಅಂಗಡಿಯ ಎದುರಿಗೇ ರೈಲ್ವೆ ಗೇಟ್ ಬಿತ್ತು. ಗೂಡ್ಸ್ ಗಾಡಿ ಮುಗಿಯಲೊಲ್ಲದು. ಹಿಂದಿನ ಸೀಟಿನಿಂದ ಅಕ್ಕನ ಏದುಸಿರು ಕೇಳುತ್ತಿತ್ತು. ಆದರೂ ಗಾಜು ಇಳಿಸಲಿಲ್ಲ. ಬೀಗರೇ ಬಂದು ಬಡಿದಾಗ ಇಳಿಸಿದೆ. ಒಳಗಿನ ಝಳ ಅವರ ಮುಖಕ್ಕೆ ರಾಚಿತು.

"ಏನ್ರಿ ಬೀಗರೆ, ಏಸಿ ಬಂದ್?"

ಹಿಂದಿನಿಂದ ಭಾವ, "ಅಕಿಗೆ ಥಂಡಿ ಹತ್ತತದ್ರಿ, ನಾನೇ ಬಂದ್ ಮಾಡ್ಸೀನಿ" ಎಂದ. ಬೆವರಲ್ಲಿ ತೊಯ್ದಿದ್ದ ಅಕ್ಕ ಸೆರಗನ್ನು ಮೈತುಂಬ ಎಳೆದುಕೊಂಡಳು. ಸುಳ್ಳುಸುಳ್ಳೇ ನಡುಗಿದಳು ಕೂಡ.

ಮಳೆ ಶುರುವಾದ ಮೇಲೆ ಹೊಸ ಕಂಪ್ರೆಸರ್ ಹಾಕಿಸಿದೆ. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ಮೊನ್ನೆ ಊಟಕ್ಕೆ ಕೂತಾಗ ಭಾವನಿಗೆ ಎಲ್ಲ ಹೇಳಿಕೊಂಡೆ, ರೊಕ್ಕದ ಸುಳ್ಳನ್ನೂ.

"ಅಕಿಗೆ ಗೊತ್ತಿತ್ತೋ ತಮ್ಮಾ" ಎಂದ. "ನಾ ಕೇಳ್ತೀನಿ ಅಂದ್ರ, ಬ್ಯಾಡ್ರಿ, ಅವ ನಾಚ್ಕೋತಾನ ಅಂತಿದ್ಲು."

ನಾನು ತಟ್ಟೆ ಸರಿಸಿದೆ. ಆತ ತನ್ನ ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗಿಟ್ಟ.

"ಉಣ್ಣು. ಅಕಿ ಇದ್ದಿದ್ರ ನಿನ್ನ ಉಪವಾಸ ಕಳಸ್ತಿದ್ಲೇನು?"