ಯಾರಿಂದಲೂ ಆಗದ ರಿಪೇರಿ

ಒಂದೂರಲ್ಲಿ ಒಬ್ಬ ರಾಜನಿದ್ದ ಎಂದು ಶುರು ಮಾಡಬಹುದಿತ್ತು. ಆದರೆ ಈ ಊರಿನಲ್ಲಿದ್ದವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಹಾಗಿದ್ದರೂ ಅವನಿಗೊಂದು ಅರಮನೆಯಿತ್ತು, ಎರಡನೇ ಮಹಡಿಯಲ್ಲಿ, ಬಾಡಿಗೆಗೆ. ಅರಮನೆಯಲ್ಲಿ ಒಬ್ಬ ರಾಣಿ. ಹಿಂದಿನ ಕೋಣೆಯಲ್ಲಿ ಒಬ್ಬ ರಾಕ್ಷಸ.

ರಾಕ್ಷಸನೆಂದರೆ ಹಳೆಯ ಕಂಪ್ಯೂಟರು. ಹಳದಿಗೆ ತಿರುಗಿದ ಮೈ, ಉಂಡು ಮಲಗಿದವನ ಹೊಟ್ಟೆಯಂಥ ಪರದೆ. ಅದು ಕಣ್ಣು ಮುಚ್ಚಿ ವರ್ಷಗಳೇ ಕಳೆದಿದ್ದವು. ಸುತ್ತ ವೈರುಗಳು, ಕೀಲಿಮಣೆಗಳು, ರೆಕ್ಕೆ ಮುರಿದ ಪುಟ್ಟ ಫ್ಯಾನುಗಳು ರಾಕ್ಷಸನ ಮರಿಗಳಂತೆ ಹಬ್ಬಿ ಕಿಟಕಿಯವರೆಗೂ ಬಂದಿದ್ದವು. ಕೋಣೆ ಖಾಲಿ ಮಾಡುತ್ತೇನೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದು ಯಾವ ಕಾಲದಲ್ಲೋ.

ಅವತ್ತು ಬೆಳಿಗ್ಗೆ ರಾಣಿ ಔಷಧಿ ಅಂಗಡಿಯ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತಳು.

"ರೀ, ಸಂಜೆ ಅಪ್ಪ ಬರ್ತಾರೆ. ಹೋದ ಸಲ ಹಾಲ್‌ನಲ್ಲಿ ಮಲಗಿ, ಸೊಂಟ ಹಿಡ್ಕೊಂಡು, ಬೆಳಿಗ್ಗೆನೇ ಎದ್ದು ಹೊರಟುಹೋದ್ರು. ಈ ಸಲವೂ ಹಾಗಾದ್ರೆ ನಾನೂ ಅವರ ಜೊತೆ ಹೊರಡ್ತೀನಿ."

"ಖಾಲಿ ಮಾಡ್ತೀನಿ ಅಂದೆನಲ್ಲ, ಮಾಡ್ತೀನಿ ಕಣೆ."

"ಸಂಜೆಯೊಳಗೆ."

ಗುಜರಿಯವನಿಗೆ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಆದರೆ ಯಂತ್ರಪ್ರೇಮಿಗೆ ಗುಜರಿಯವನೆಂದರೆ ಕಟುಕ. ಅವನು ಮಲಗುವ ಕೋಣೆಯ ಮೇಜಿನ ಮೇಲಿದ್ದ ತನ್ನ ಹೊಸ ಕಂಪ್ಯೂಟರಿನ ಮುಂದೆ ಕೂತು 'ಹಳೇ ಯಂತ್ರಗಳ ಕೂಟ'ವನ್ನು ತೆರೆದ. ಲೋಕದ ಕಂಪ್ಯೂಟರ್ ಸುದ್ದಿಯೆಲ್ಲ ದಿನಾ ಚರ್ಚೆಗೆ ಬರುವ ತಾಣ ಅದು. ಯಾವುದೋ ಕಂಪನಿ ಹೊಸ ಚಿಪ್ ತಂದಿತೆಂದರೆ ಅಲ್ಲಿ ಎರಡು ಪಂಗಡ, ತರಲಿಲ್ಲವೆಂದರೆ ಮೂರು.

ಅವನು ಬರೆದ: "ಹಳೆಯ ಕಂಪ್ಯೂಟರ್, ಉಚಿತ. ಚಾಲೂ ಆಗುವುದಿಲ್ಲ. ಇವತ್ತೇ ಒಯ್ಯಬೇಕು." ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಯ್ದವರಿಗೆ ಮೋಸವಾಗಬಾರದೆಂದು ಇನ್ನೊಂದು ಸಾಲು ಸೇರಿಸಿದ: "ಇದನ್ನು ರಿಪೇರಿ ಮಾಡುವುದು ಯಾರಿಂದಲೂ ಆಗದು."

ಕೂಟದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. 'ಸ್ಕ್ರೂ ಮಾಸ್ತರು' ಎಂಬ ಹೆಸರಿನವರು ಕೇಳಿದರು: "ಯಾರಿಂದಲೂ ಅಂದರೆ? ನನ್ನನ್ನೂ ಸೇರಿಸಿಯೋ?" 'ಮೌನಿ' ಎಂಬಾತ ಮೂರು ಪರದೆಯುದ್ದದ ಉತ್ತರ ಬರೆದ. ಯಂತ್ರ ಸತ್ತಿದೆ ಎನ್ನುವವರು ಒಂದು ಕಡೆ, ಮಲಗಿದೆ ಎನ್ನುವವರು ಇನ್ನೊಂದು ಕಡೆ. ಹೊಸ ಚಿಪ್ಪಿನ ಸುದ್ದಿ ಕೆಳಗಿಳಿದು, ಗಾಜು ಉಜ್ಜುವವನ ರಾಕ್ಷಸ ಮೊದಲ ಪುಟ ಹತ್ತಿತು. ಯಾರೋ ಒಬ್ಬರು ಖಂಡಿತ ಒಯ್ಯುತ್ತಾರೆಂದು ಹಿಗ್ಗಿ, ಅವನು ತನ್ನ ವಿಳಾಸವನ್ನೂ ಹಾಕಿಬಿಟ್ಟ.

ಮೊದಲು ಬಂದವರು ಸ್ಕ್ರೂ ಮಾಸ್ತರು. ನಿವೃತ್ತ ಗಣಿತದ ಮೇಷ್ಟ್ರು. ಬಗಲಲ್ಲಿ ಉಪಕರಣದ ಚೀಲ.

"ಗಾಡಿ ತಂದಿದೀರಾ ಸರ್? ನಾನೂ ಒಂದು ಕೈ ಹಿಡೀತೀನಿ."

"ಗಾಡಿ ಯಾಕೆ?"

"ತಗೊಂಡು ಹೋಗೋಕೆ."

"ತಗೊಂಡು ಹೋಗೋಕೆ ಯಾರು ಬಂದ್ರು? ಆಗಲ್ಲ ಅಂದ್ರಲ್ಲ, ಅದನ್ನ ನೋಡೋಕೆ ಬಂದೆ. ಪ್ಲಗ್ ಎಲ್ಲಿದೆ?"

ಹಿಂದೆಯೇ ಮೌನಿ ಬಂದ. ಮೆಟ್ಟಿಲ ಬುಡದಿಂದಲೇ ಅವನ ಮಾತು ಕೇಳಿಸುತ್ತಿತ್ತು. ಎರಡು ಕೈಯಲ್ಲಿ ಎರಡು ಸತ್ತ ಕಂಪ್ಯೂಟರು.

"ಇವು ಯಾಕಪ್ಪ?" ಎಂದ ಮನೆಯವನು ಬಾಗಿಲಿಗೆ ಅಡ್ಡ ನಿಂತು.

"ಅಂಗಾಂಗ ದಾನಕ್ಕೆ. ಸ್ವಲ್ಪ ಸರೀರಿ."

ಆಮೇಲೆ ಬಂದವರ ಲೆಕ್ಕ ತಪ್ಪಿತು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಒಬ್ಬ ಪರದೆ ತಂದ, ಇನ್ನೊಬ್ಬ ಪೆಟ್ಟಿಗೆ ತುಂಬ ಬಿಡಿಭಾಗ ತಂದ. ಮಧ್ಯಾಹ್ನದ ಹೊತ್ತಿಗೆ ರಾಕ್ಷಸನ ಬಳಗ ಕೋಣೆ ತುಂಬಿ ಹಾಲ್‌ಗೆ ಕಾಲು ಚಾಚಿತು.

ಇಷ್ಟರಲ್ಲಿ ಕೆಳಮನೆಯಾಕೆ ಮಿಕ್ಸಿ ತಬ್ಬಿಕೊಂಡು ಹತ್ತಿ ಬಂದರು.

"ಏನಪ್ಪ, ರಿಪೇರಿ ಅಂಗಡಿ ಹಾಕಿದೀಯಂತೆ, ಒಂದು ಮಾತು ಹೇಳೋದಲ್ವಾ?"

"ಅಯ್ಯೋ, ಅಂಗಡಿ ಅಲ್ಲಮ್ಮ ಇದು."

"ಹೌದೌದು, ಬಾಡಿಗೆ ಮನೇಲಿ ಅಂಗಡಿ ಅಂತ ಯಾರು ಒಪ್ಕೋತಾರೆ. ನಾನು ಯಾರಿಗೂ ಹೇಳಲ್ಲ. ಈ ಮಿಕ್ಸಿ ಕುಯ್ಯೋ ಅನ್ನುತ್ತೆ, ತಿರುಗಲ್ಲ."

ಮಿಕ್ಸಿಯನ್ನು ಅಲ್ಲೇ ಇಟ್ಟುಹೋಗಿ, ಯಾರಿಗೂ ಹೇಳದೆ ಆಕೆ ಇಡೀ ಕಟ್ಟಡಕ್ಕೆ ಹೇಳಿದರು. ಇಸ್ತ್ರಿಪೆಟ್ಟಿಗೆ ಬಂತು, ಟೇಬಲ್ ಫ್ಯಾನು ಬಂತು. ಅವನು ಮೆಟ್ಟಿಲ ಮೇಲೆ ಕೈಮುಗಿದು ಒಬ್ಬೊಬ್ಬರನ್ನೇ ತಿರುಗಿಸಿ ಕಳಿಸುತ್ತಿದ್ದ. ಆಗ ಒಳಗಿನಿಂದ 'ಕೀಂ' ಎಂಬ ಸದ್ದು, ಹಿಂದೆಯೇ ಚಪ್ಪಾಳೆ. ಓಡಿಹೋಗಿ ನೋಡಿದರೆ ರಾಕ್ಷಸ ಕಣ್ಣು ಬಿಟ್ಟಿದ್ದ. ಪರದೆಯ ಮೇಲೆ ಹಸಿರು ಚುಕ್ಕೆಯೊಂದು ಪಿಳಿಪಿಳಿ ಮಿನುಗುತ್ತಿತ್ತು.

ಚಪ್ಪಾಳೆ ನಿಂತಿತು. ಪರೀಕ್ಷೆ ಮುಗಿಸಿದ ಮಕ್ಕಳಂತೆ ಎಲ್ಲರೂ ಮುಖ ಮುಖ ನೋಡಿಕೊಂಡರು.

"ಸರ್, ಈಗಲಾದ್ರೂ ತಗೊಂಡು ಹೋಗಿ," ಎಂದ ಅವನು.

"ಓಡೋ ಯಂತ್ರ ನನಗ್ಯಾಕಪ್ಪ?" ಎಂದರು ಮಾಸ್ತರು. "ಅದರಲ್ಲಿ ಮಾಡೋದೇನಿದೆ?"

ಅದೇ ಗಳಿಗೆಗೆ ರಾಣಿ ಕೆಲಸದಿಂದ ಬಂದಳು. ಹಾಲ್ ನೋಡಿದಳು, ಕೋಣೆ ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಆ ಮೂರನೆಯ ನೋಟಕ್ಕೆ ಮೌನಿಯೂ ಮಾತು ನಿಲ್ಲಿಸಿದ.

"ಅಪ್ಪನ ಬಸ್ಸು ಬಂದಿದೆಯಂತೆ," ಎಂದಳು. "ಹೋಗಿ ಕರ್ಕೊಂಡು ಬನ್ನಿ. ನಿಧಾನಕ್ಕೆ. ಇಲ್ಲಿ ನಾನು ನೋಡ್ಕೋತೀನಿ."

ಅವನು ಮಾವನನ್ನು ಎಷ್ಟು ನಿಧಾನವಾಗಿ ಕರೆತಂದನೆಂದರೆ ದಾರಿಯಲ್ಲಿ ಎರಡು ಸಲ ಚಹಾ ಕುಡಿಸಿದ. ಮಾವ ಹಳೆಯ ಕಾಲದ ಗ್ರಂಥಪಾಲಕರು, ಮನೆಯಲ್ಲೂ ಪಿಸುಗುಟ್ಟಿಯೇ ಮಾತಾಡುವವರು. ಮನೆ ಹತ್ತಿರವಾದಂತೆ ಅಳಿಯ ಮೂರನೆಯ ಚಹಾದಂಗಡಿ ಹುಡುಕತೊಡಗಿದ.

ಬಾಗಿಲು ತೆರೆದಿತ್ತು. ಹಾಲ್ ಖಾಲಿ. ಹಿಂದಿನ ಕೋಣೆಯೂ ಖಾಲಿ. ನೆಲ ಗುಡಿಸಿ ಒರೆಸಿತ್ತು, ಕಿಟಕಿಯಿಂದ ಸಂಜೆಬಿಸಿಲು ಒಳಗೆ ಬಂದು ಕಾಲು ಚಾಚಿ ಮಲಗಿತ್ತು.

"ಈ ಕೋಣೆ ಹೋದ ಸಲ ಎಲ್ಲಿತ್ತು?" ಎಂದು ಮಾವ ಪಿಸುಗುಟ್ಟಿದರು.

ಅವನು ಹೆಂಡತಿಯನ್ನು ಅಡುಗೆಮನೆಗೆ ಕರೆದ. "ಹೇಗೆ ಮಾಡಿದೆ ಮಾರಾಯ್ತಿ?"

"ಸುಲಭ. ಕೆಟ್ಟಿರೋದನ್ನೆಲ್ಲ ತಗೊಂಡು ಹೋಗಿ, ಓಡೋದನ್ನ ಬಿಟ್ಟುಹೋಗಿ ಅಂದೆ. ಅವರಿಗೂ ಅದೇ ಬೇಕಾಗಿತ್ತು. ಕೆಳಮನೆಯವರ ಮಿಕ್ಸೀನೂ ಬಿಡಲಿಲ್ಲ."

"ಹಾಗಾದ್ರೆ ಹಳೇದು?"

"ಅದು ಓಡ್ತಿದೆಯಲ್ಲ. ನಿಮ್ಮ ಮೇಜಿನ ಮೇಲೆ ಇಡಿಸಿದೀನಿ."

"ಮೇಜಿನ ಮೇಲೆ ನನ್ನ ಹೊಸದಿತ್ತಲ್ಲೇ?"

"ಅದು ಕೆಟ್ಟಿತ್ತಂತೆ."

"ಬೆಳಿಗ್ಗೆ ಓಡ್ತಿತ್ತು."

"ಬೆಳಿಗ್ಗೆ ಅದರಲ್ಲಿ ಕರೆಂಟು ಕೊಡೋ ಪವರ್ ಸಪ್ಲೈ ಡಬ್ಬ ಇತ್ತಂತೆ. ಆಮೇಲೆ ಅದನ್ನ ಬಿಚ್ಚಿ ಹಳೇದಕ್ಕೆ ಹಾಕಿದ್ರಂತೆ. ಮೌನಿಯವರು ತುಂಬ ಹೊತ್ತು ಹೇಳಿದ್ರು, ನನಗೆ ತಿಳಿದಿದ್ದು ಇಷ್ಟೇ. ಹೊಸದಕ್ಕೆ ಇನ್ನು ಎಂಥ ಸಪ್ಲೈ ಹಾಕ್ಬೇಕು ಅಂತ ಅವರಿಗೂ ಮಾಸ್ತರಿಗೂ ವಾದ ಬಿತ್ತು. ವಾದ ಮುಗಿಯೋವರೆಗೂ ತಮ್ಮನೇಲಿರಲಿ ಅಂತ ಮೌನಿಯವರು ಹೊತ್ಕೊಂಡು ಹೋದ್ರು."

ಅವನು ಗೋಡೆಗೊರಗಿದ. ಕೂಟ ಹುಟ್ಟಿದಂದಿನಿಂದ ಅಲ್ಲಿ ಯಾವ ವಾದವೂ ಮುಗಿದದ್ದಿಲ್ಲ.

ರಾಣಿ ಮಾತ್ರ ಹಗುರಾಗಿದ್ದಳು. "ಅಪ್ಪ ಈ ಸಲ ತಿಂಗಳು ಪೂರ್ತಿ ಇರ್ತಾರಂತೆ," ಎಂದು ಅವನ ತೋಳಿಗೆ ತೋಳು ತಾಗಿಸಿ ನಿಂತಳು. ಅವಳು ಹಾಗೆ ನಿಂತು ಬಹಳ ದಿನವಾಗಿತ್ತು. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು.

ಕೋಣೆಯಿಂದ ಮಾವ ಮೆಲ್ಲಗೆ ಕರೆದರು. "ಅಳಿಯಂದಿರೇ, ಇಲ್ಲೊಂದು ಉಳಿದಿದೆ ನೋಡಿ."

ಕಿಟಕಿಯ ಕೆಳಗೆ, ಮೂಲೆಯಲ್ಲಿ, ಸುರುಳಿ ಸುತ್ತಿದ ಕರಿಯ ವೈರು. ಅವನ ಹೊಸ ಕಂಪ್ಯೂಟರಿನದೇ. ಅವನು ಬಗ್ಗಿ ಅದನ್ನೆತ್ತಿ, ಮಗುವನ್ನು ಹೊತ್ತಂತೆ ಹೊರಗೆ ತಂದ. ಕೋಣೆ ಖಾಲಿಯಾಯಿತು.